ಬಲೆಹರಕನ ಗುಡ್ಡ

ಮುತ್ತುಗದಹಟ್ಟಿಗೆ ಹೋಗುವ ದಾರಿಯಲ್ಲಿ, ಊರು ಇನ್ನೂ ಮೈಲಿ ದೂರವಿರುವಾಗಲೇ, ಬಲಗಡೆಗೆ ಒಂದು ಗುಡ್ಡ ಕಾಣಿಸುತ್ತದೆ. ಹೇಳಿಕೊಳ್ಳುವಂಥ ಎತ್ತರವೇನೂ ಅದಕ್ಕಿಲ್ಲ. ನೆತ್ತಿಯಲ್ಲಿ ಕೋಟೆಯಿಲ್ಲ, ಬುಡದಲ್ಲಿ ಗುಡಿಯಿಲ್ಲ. ಒಂದರ ಮೇಲೊಂದು ಒರಗಿಕೊಂಡ ಕಪ್ಪು ಬಂಡೆಗಳು, ಅವುಗಳ ಸಂದಿನಲ್ಲಿ ಕಾರೆ, ಕವಳೆ, ತಂಗಡಿಯ ಪೊದೆಗಳು, ಅಷ್ಟೆ. ಆದರೆ ಮಹಾನವಮಿ ಕಳೆದು ಇಬ್ಬನಿ ಬೀಳಲು ಶುರುವಾದ ಮೇಲೆ, ಬೆಳಗಿನ ಹೊತ್ತು ಆ ದಾರಿಯಾಗಿ ಹೋಗುವವರು ಗಾಡಿ ನಿಲ್ಲಿಸದೆ ಮುಂದಕ್ಕೆ ಹೋಗುವುದು ಕಡಿಮೆ. ಗುಡ್ಡದ ತುಂಬ ಜೇಡ. ಪೊದೆಯಿಂದ ಪೊದೆಗೆ, ಬಂಡೆಯಿಂದ ಬಂಡೆಗೆ ಒಂದೊಂದು ಕಂಬಳಿಯಗಲದ ಬಲೆಗಳು. ಅವುಗಳ ನಡುವೆ, ಗುಡ್ಡದ ಸೊಂಟದ ಮೇಲೆ, ಎಲ್ಲಕ್ಕಿಂತ ದೊಡ್ಡದೊಂದು. ಅಲ್ಲಿರುವ ಗವಿಯ ಬಾಯಿಗೆ ಅಡ್ಡಲಾಗಿ ಅದು ಹರಡಿಕೊಂಡಿರುತ್ತದೆ. ಮೂಡಣ ಬಿಸಿಲು ನೇರವಾಗಿ ಬಿದ್ದಾಗ ಯಾರೋ ಬಿಳಿ ಸೀರೆ ಒಣಹಾಕಿದ ಹಾಗೆ ಕಾಣುತ್ತದೆ. ನೋಡಿದವರು ಮೈ ಜುಮ್ಮೆಂದಿತು ಎನ್ನುತ್ತಾರೆ. ಎನ್ನುತ್ತಲೇ ಇನ್ನೂ ನಾಲ್ಕು ಹೆಜ್ಜೆ ಹತ್ತಿರ ಹೋಗುತ್ತಾರೆ. ಜೇಡನ ವಿಷಯದಲ್ಲಿ ಮನುಷ್ಯನ ಪಾಡೇ ಹೀಗೆ. ನೋಡಲೂ ಆಗದು, ನೋಡದೆ ಇರಲೂ ಆಗದು.

ಗುಡ್ಡದ ಹೆಸರು ಬಲೆಹರಕನ ಗುಡ್ಡ. ಈ ಹೆಸರಿಗೆ ಅರ್ಥ ಹೇಳಿದವರು ಬಹಳ ಮಂದಿ. ಯಾವನೋ ಪಾಳೆಯಗಾರ ಬೇಟೆಗೆಂದು ಕಟ್ಟಿಸಿದ ಬಲೆಯನ್ನು ಹುಲಿಯೊಂದು ಹರಿದುಕೊಂಡು ಹೋಯಿತಂತೆ, ಅದರಿಂದ ಈ ಹೆಸರು ಎಂದು ಒಬ್ಬರು ಹೇಳಿದರು. ಇನ್ನೊಬ್ಬರು ಮೀನುಗಾರರ ಬಲೆಯನ್ನೇ ಎಳೆದು ತಂದರು. ಮೊಣಕಾಲು ಮುಳುಗುವಷ್ಟು ನೀರು ಕಾಣಬೇಕಾದರೆ ಇಲ್ಲಿಂದ ಎರಡು ಹರದಾರಿ ನಡೆಯಬೇಕು ಎಂಬುದು ಅವರಿಗೆ ಹೊಳೆಯಲಿಲ್ಲ. ಊರಿನವರನ್ನು ಕೇಳದೆ ಊರಿನ ಹೆಸರಿಗೆ ಅರ್ಥ ಹಚ್ಚುವವರಿಗೆ ನಮ್ಮಲ್ಲಿ ಎಂದೂ ಬರವಿಲ್ಲ. ಹಟ್ಟಿಯ ಹಿರಿಯರು ಇದನ್ನೆಲ್ಲ ಕೇಳಿ ತಲೆಯಾಡಿಸಿ ಸುಮ್ಮನಾಗುತ್ತಾರೆ. ಬಿಡದೆ ಕೇಳಿದವರಿಗೆ ಮಾತ್ರ, ಅದೂ ಗುಡ್ಡದ ಕಡೆಗೆ ಮುಖ ಮಾಡಿ ಕುಳಿತು, ಸೂರಯ್ಯನ ಕಥೆ ಹೇಳುತ್ತಾರೆ. ಹೇಳುವುದಕ್ಕೆ ಅವರಿಗೆ ಸಂತೋಷವಿಲ್ಲ. ಕೇಳಿದವರಿಗೂ ಇರುವುದಿಲ್ಲ.

ಹಿಂದೆ ಒಮ್ಮೆ, ಈ ಸೀಮೆಗೆ ಗಾಡಿದಾರಿಯೂ ಇಲ್ಲದಿದ್ದ ಕಾಲದಲ್ಲಿ, ಮುತ್ತುಗದಹಟ್ಟಿ ಮೂವತ್ತು ಗುಡಿಸಲುಗಳ ಬೇಡರ ಹಟ್ಟಿಯಾಗಿತ್ತು. ದನವೇ ಅವರ ಬದುಕು. ದನವೆಂದ ಮೇಲೆ ತಪ್ಪಿಸಿಕೊಳ್ಳುವ ಎತ್ತು, ಕಳುವಾಗುವ ಹಸು, ಚಿರತೆ ಎಳೆದೊಯ್ಯುವ ಕರು ಇದ್ದದ್ದೇ. ಅವುಗಳ ಹೆಜ್ಜೆಯ ಗುರುತು ಹಿಡಿದು ಹೋಗಿ ಪತ್ತೆಮಾಡುವವನು ಸೂರಯ್ಯ. ಜಾಡು ನೋಡುವುದರಲ್ಲಿ ಅವನನ್ನು ಮೀರಿಸುವವರು ಸುತ್ತಿನ ಹನ್ನೆರಡು ಹಟ್ಟಿಗಳಲ್ಲಿ ಇರಲಿಲ್ಲ ಎನ್ನುತ್ತಾರೆ. ಒಣನೆಲದ ಮೇಲಿನ ಗೊರಸಿನ ಗುರುತು ನೋಡಿ ಹಸು ಗಬ್ಬವಾಗಿದೆಯೋ ಇಲ್ಲವೋ ಹೇಳುತ್ತಿದ್ದನಂತೆ. ಮುರಿದ ಹುಲ್ಲುಕಡ್ಡಿಯನ್ನು ಮೂಸಿ ಅದು ನಿನ್ನೆ ಮುರಿದದ್ದೋ ಮೊನ್ನೆ ಮುರಿದದ್ದೋ ಹೇಳುತ್ತಿದ್ದನಂತೆ. ಹೊಗಳುವವರು ಒಂದಿಷ್ಟು ಸೇರಿಸಿರಬಹುದು. ಅರ್ಧ ಕಳೆದರೂ ಉಳಿಯುವುದು ಕಡಿಮೆಯೇನಲ್ಲ.

ಜಾಡಿಗೆ ಇಳಿಯುವುದಕ್ಕೆ ಆ ಹಟ್ಟಿಯಲ್ಲಿ ಒಂದು ಕಟ್ಟಳೆಯಿತ್ತು. ಮುಂದೆ ಜಾಡುಗಾರ, ಹಿಂದೆ ಉಳಿದವರು. ಯಾರೂ ಬಾಯಿ ತೆರೆಯುವಂತಿಲ್ಲ. ಸದ್ದಾದರೆ ಕಳ್ಳ ಎಚ್ಚರಗೊಳ್ಳುತ್ತಾನೆ, ಚಿರತೆ ಜಾಗ ಬಿಡುತ್ತದೆ, ಬೆದರಿದ ದನ ಇನ್ನೂ ದೂರ ಓಡುತ್ತದೆ. ಅದಕ್ಕಾಗಿ ಹೊರಡುವ ಮೊದಲು ಪ್ರತಿಯೊಬ್ಬರೂ ಒಂದು ತಂಗಡಿ ಎಲೆ ಕಿತ್ತು ಹಲ್ಲಿನ ನಡುವೆ ಕಚ್ಚಿಕೊಳ್ಳಬೇಕು. ಜಾಡು ಮುಗಿಯುವವರೆಗೆ ಎಲೆ ಬೀಳಬಾರದು. ಎಲೆ ಬೀಳಿಸಿದವನನ್ನು ಮುಂದೆ ಎರಡು ವರ್ಷ ಜಾಡಿಗೆ ಕರೆಯುತ್ತಿರಲಿಲ್ಲ, ಅದು ದೊಡ್ಡ ಅವಮಾನ. ಸೂರಯ್ಯ ಈ ಕಟ್ಟಳೆಯಲ್ಲಿ ಬಹಳ ಬಿಗಿ. ಹಿಂದೆ ಯಾರಾದರೂ ಕೆಮ್ಮಿದರೂ ತಿರುಗಿ ನೋಡುತ್ತಿದ್ದನಂತೆ.

ಇಂಥ ಸೂರಯ್ಯನಿಗೆ ಜೇಡ ಕಂಡರೆ ಜೀವ ಹೋಗುತ್ತಿತ್ತು. ನಗಬಾರದು. ಚಿರತೆಯ ಬಿಸಿ ಹೆಜ್ಜೆಯ ಮೇಲೆ ತನ್ನ ಹೆಜ್ಜೆಯಿಟ್ಟು ನಡೆದವನು, ನಾಗರ ಹೆಡೆಯೆತ್ತಿದರೆ ಕದಲದೆ ನಿಂತು ಅದಕ್ಕೆ ದಾರಿ ಬಿಟ್ಟವನು, ಮಾಡಿನ ಗಳುವಿನಿಂದ ಬೆರಳುಗಾತ್ರದ ಹುಳವೊಂದು ನೂಲಿನ ತುದಿಗೆ ಇಳಿದರೆ ಬೆವತುಹೋಗುತ್ತಿದ್ದ. ಅದು ಯಾಕೆ ಬಂತು, ಎಂದು ಬಂತು ಅವನಿಗೇ ಗೊತ್ತಿರಲಿಲ್ಲ. ಹೆದರಿಕೆಗೆ ಕಾರಣ ಹುಡುಕುತ್ತ ಹೋದರೆ ಹೆದರಿಕೆ ಇನ್ನಷ್ಟು ಬಲಿಯುತ್ತದೆಯೇ ಹೊರತು ಕಾರಣ ಸಿಗುವುದಿಲ್ಲ. ಅದರ ಎಂಟು ಕಾಲುಗಳು ಒಂದೊಂದಾಗಿ ನೂಲನ್ನು ತಡಕುವುದನ್ನು ಅವನು ಉಸಿರು ಬಿಗಿಹಿಡಿದು ನೋಡುತ್ತಿದ್ದ, ನೋಡುತ್ತ ನೋಡುತ್ತ ಮೈಯೆಲ್ಲ ತಣ್ಣಗಾಗುತ್ತಿತ್ತು, ಆಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಈ ಗುಟ್ಟು ಗೊತ್ತಿದ್ದದ್ದು ಅವನ ಅಕ್ಕ ಪಾಲಕ್ಕನಿಗೆ ಮಾತ್ರ. ತಾಯಿ ತೀರಿಕೊಂಡಾಗ ಸೂರಯ್ಯನಿಗೆ ನಾಲ್ಕು ವರ್ಷ, ಪಾಲಕ್ಕನಿಗೆ ಹನ್ನೆರಡು, ಸಾಕಿದವಳು ಅವಳೇ. ದಿನಾ ಬೆಳಗ್ಗೆ ತಮ್ಮ ಏಳುವ ಮೊದಲೇ ಪೊರಕೆ ಹಿಡಿದು ಮಾಡು, ಮೂಲೆ, ಬಾಗಿಲು ಎಲ್ಲವನ್ನೂ ಗುಡಿಸಿಬಿಡುತ್ತಿದ್ದಳು. ಯಾಕೆ ಇಷ್ಟು ಶುದ್ಧ ಎಂದು ಅಕ್ಕಪಕ್ಕದವರು ಕೇಳಿದರೆ, ತನಗೆ ಜೇಡ ಕಂಡರೆ ಆಗದು, ಮೈಯೆಲ್ಲ ನಡುಗುತ್ತದೆ ಎನ್ನುತ್ತಿದ್ದಳು. ಹೀಗೆ ತಮ್ಮನ ಹೆದರಿಕೆ ಅಕ್ಕನ ಹೆಸರಿಗೆ ಸೇರಿಹೋಯಿತು. ಪಾಲಕ್ಕ ಪುಕ್ಕಲಿ ಎಂದು ಹಟ್ಟಿಯೆಲ್ಲ ನಗುತ್ತಿತ್ತು, ಅವಳೂ ಜೊತೆಗೆ ನಗುತ್ತಿದ್ದಳು.

ಮುಂದೆ ಪಾಲಕ್ಕನಿಗೆ ಮದುವೆಯಾಗಿ, ಗಂಡ ತೀರಿಕೊಂಡು, ಅವಳು ಹೆಣ್ಣುಮಗುವೊಂದನ್ನು ಸೊಂಟದ ಮೇಲೆ ಹೊತ್ತು ತಮ್ಮನ ಗುಡಿಸಲಿಗೆ ಮರಳಿದಳು. ಮಗುವಿನ ಹೆಸರು ಬೊಮ್ಮಕ್ಕ. ಕರೆಯುವುದು ಬೊಮ್ಮಿ ಎಂದು. ಸೂರಯ್ಯ ಮದುವೆಯ ಗೊಡವೆಗೇ ಹೋಗಿರಲಿಲ್ಲ. ಸೋದರಮಾವನೇ ಅವಳಿಗೆ ತಂದೆಯಾದ. ಕಿವಿ ಚುಚ್ಚುವಾಗ ತೊಡೆಯ ಮೇಲೆ ಕೂರಿಸಿಕೊಂಡವನು ಅವನು, ಹೆಜ್ಜೆಯ ಗುರುತು ಓದುವುದನ್ನು ಕಲಿಸಿದವನು ಅವನು. ಒಂಬತ್ತು ವರ್ಷಕ್ಕೆ ಅವಳು ಮುಂಗುಸಿಯ ಹೆಜ್ಜೆಗೂ ಬೆಕ್ಕಿನ ಹೆಜ್ಜೆಗೂ ಇರುವ ವ್ಯತ್ಯಾಸವನ್ನು ಥಟ್ಟನೆ ಹೇಳುತ್ತಿದ್ದಳು. ಜೇಡದ ಹೆದರಿಕೆಯನ್ನು ಮಾತ್ರ ಅವಳು ಮಾವನಿಂದ ಕಲಿಯಲಿಲ್ಲ. ಹಟ್ಟಿಯ ಮಕ್ಕಳೆಲ್ಲ ದೂರ ನಿಂತು ಕಲ್ಲೆಸೆಯುವ ಹುಳವನ್ನು ಅವಳು ಅಂಗೈ ಮೇಲೆ ಹತ್ತಿಸಿಕೊಂಡು ಮೊಳಕೈವರೆಗೆ ನಡೆಸುತ್ತಿದ್ದಳು. ಮಾವ ಅದನ್ನು ಕಂಡು ಏನೋ ಕೆಲಸ ನೆನಪಾದವನಂತೆ ಎದ್ದು ಹೋಗುತ್ತಿದ್ದ. ಯಾಕೆ ಹೋಗುತ್ತಾನೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಗುಡ್ಡದ ಗವಿ ಆಗಲೂ ಇತ್ತು, ಬಲೆಯೂ ಇತ್ತು. ಆಳೆತ್ತರದ ಬಾಯಿ, ಅದರ ತುಂಬ ಅಂಗೈಯಗಲದ ಜೇಡಗಳು ಒಂದರ ಪಕ್ಕ ಒಂದು ಕುಳಿತು ನೇಯ್ದದ್ದು. ಆ ಬಲೆಯನ್ನು ಹರಿದವರ ವಂಶವೂ ಹಾಗೇ ಹರಿದುಹೋಗುತ್ತದೆಂದು ಜನ ನಂಬಿದ್ದರು. ಆದರೂ ಹೋಗಿ ನೋಡುವುದನ್ನು ಬಿಟ್ಟಿರಲಿಲ್ಲ. ಹೊಸ ಸೊಸೆ ಹಟ್ಟಿಗೆ ಬಂದರೆ ದೂರದಿಂದ ತೋರಿಸಿ ಕರೆದು ತರುತ್ತಿದ್ದರು. ನೆತ್ತರು ನಿಲ್ಲದ ಗಾಯಕ್ಕೆ ಜೇಡರ ಬಲೆ ಮೆತ್ತುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮದ್ದು. ಗವಿಯ ಬಲೆಯಷ್ಟು ಒಳ್ಳೆಯ ಮದ್ದು ಬೇರೆಯಿಲ್ಲ ಎಂಬ ಮಾತೂ ಇತ್ತು. ಬೇಕಾದವರು ಕೈಮುಗಿದು ಅಂಚಿನಿಂದ ಚಿಟಿಕೆಯಷ್ಟು ತರಬಹುದಿತ್ತು, ಹೆಚ್ಚಿಗೆ ಅಲ್ಲ.

ಆ ವರ್ಷ ಮಹಾನವಮಿ ಕಳೆದ ಮೇಲೆ ಸೂರಯ್ಯ ದನದ ರೊಪ್ಪಕ್ಕೆ ಮುಳ್ಳು ಕಡಿಯುವಾಗ ಕತ್ತಿ ಜಾರಿ ಎಡಗೈಯ ಅಂಗೈ ಸೀಳಿತು. ಅರಿಶಿನ ಮೆತ್ತಿದರು, ಸುಟ್ಟ ಬಟ್ಟೆಯ ಬೂದಿ ಮೆತ್ತಿದರು. ಕೈ ಮಡಿಸಿದಾಗಲೆಲ್ಲ ಗಾಯ ಬಾಯಿಬಿಟ್ಟು ನೆತ್ತರು ಒಸರುತ್ತಲೇ ಇತ್ತು. ಮೂರನೆಯ ದಿನ ಪಾಲಕ್ಕ ಬಟ್ಟೆ ಬದಲಿಸುತ್ತ, ಗವಿ ಬಲೆ ತಂದು ಮೆತ್ತಿದ್ದರೆ ಇಷ್ಟರಲ್ಲಿ ಒಣಗಿರುತ್ತಿತ್ತು, ಆದರೆ ತರುವವರು ಯಾರು, ಇಬ್ಬರು ಪುಕ್ಕಲರ ಮನೆ ಇದು ಎಂದು ದನಿ ತಗ್ಗಿಸಿ ನಗೆಯಾಡಿದಳು. ಸೂರಯ್ಯನೂ ನಕ್ಕ. ಒರಳಿನ ಹತ್ತಿರ ಕುಳಿತಿದ್ದ ಬೊಮ್ಮಿಗೆ ಬಲೆಯ ಮಾತು ಕೇಳಿಸಿತು. ಅವಳು ಯಾರಿಗೂ ಏನೂ ಹೇಳಲಿಲ್ಲ. ಮಧ್ಯಾಹ್ನ ಒಂದು ಮುತ್ತುಗದ ಎಲೆ ಕಿತ್ತುಕೊಂಡು, ಅದನ್ನು ಲಂಗದ ನಿರಿಗೆಗೆ ಸಿಕ್ಕಿಸಿಕೊಂಡು, ಗುಡ್ಡದ ಕಡೆಗೆ ನಡೆದಳು.

ಸಂಜೆ ಅವಳು ಬಾರದಿದ್ದಾಗ ಮನೆಯವರು ಗಾಬರಿಯಾಗಲಿಲ್ಲ. ದೂರದ ರೊಪ್ಪದಲ್ಲಿ ಕರು ಕಾಯುವ ಹೆಂಗಸರ ಜೊತೆ ಅವಳು ಆಗೀಗ ಉಳಿದುಬಿಡುತ್ತಿದ್ದಳು. ಬೆಳಗಾಗಿ ಆ ಹೆಂಗಸರು ಹಾಲು ಹೊತ್ತು ಬಂದಾಗ ಬೊಮ್ಮಿ ಅವರ ಜೊತೆ ಇರಲಿಲ್ಲ, ನಿನ್ನೆ ಅತ್ತ ಸುಳಿದೂ ಇರಲಿಲ್ಲ. ಹಟ್ಟಿಯ ಯಜಮಾನ ಓಬಳಯ್ಯ ತಾನೂ ಸೇರಿ ಹತ್ತು ಗಂಡಸರನ್ನು ಕೂಡಿಸಿದ. ಸೂರಯ್ಯ ಕೈಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡು ಮುಂದೆ ನಿಂತ. ಹೆಂಗಸರು ಜಾಡಿಗೆ ಬರುವ ವಾಡಿಕೆಯಿರಲಿಲ್ಲ, ಆದರೆ ಪಾಲಕ್ಕನನ್ನು ತಡೆಯಲು ಯಾರಿಗೂ ಮನಸ್ಸು ಬರಲಿಲ್ಲ. ಅವಳು ಹಟ್ಟಿಯ ಬಾಯಲ್ಲೇ ನಿಂತು ಬೊಮ್ಮೀ ಎಂದು ಕೂಗತೊಡಗಿದ್ದಳು. ಸೂರಯ್ಯ ಅವಳ ಹತ್ತಿರ ಬಂದು ಒಂದು ತಂಗಡಿ ಎಲೆ ಕೈಗಿತ್ತ. "ಕೂಗಬ್ಯಾಡ ಕಣಕ್ಕ. ಜಾಡು ಕೆಡ್ತೈತೆ. ಹುಡುಕಿ ಕೊಡೋದು ನನ್ನ ಪಾಲಿಗೆ ಬಿಡು," ಎಂದ. ಮಗುವನ್ನು ಹೊತ್ತೊಯ್ದದ್ದು ಚಿರತೆಯಾದರೆ, ಕಳ್ಳರಾದರೆ, ಸದ್ದು ಮಾಡಿ ಕೆಡಿಸಬಾರದೆಂಬುದು ಅವನ ಲೆಕ್ಕ. ಇಪ್ಪತ್ತು ವರ್ಷ ಅವನಿಗೆ ಅನ್ನ ಹಾಕಿದ ಲೆಕ್ಕವೇ ಅದು. ಪಾಲಕ್ಕ ಎಲೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು.

ಮಗುವಿನ ಹೆಜ್ಜೆ ಸುಲಭವಾಗಿ ಸಿಕ್ಕಿತು. ಹೊಲದ ಬದು ದಾಟಿ, ಕವಳೆಯ ಮೆಳೆ ಬಳಸಿ ಅದು ಗುಡ್ಡವೇರಿತ್ತು. ಮೇಲೆ ಹಾಸುಬಂಡೆ ಬಂದಲ್ಲಿ ಹೆಜ್ಜೆ ನಿಂತುಹೋಯಿತು. ಕಲ್ಲು ಹೆಜ್ಜೆ ಹಿಡಿಯುವುದಿಲ್ಲ. ಅಲ್ಲಿಂದ ನೇರ ಹೋದರೆ ಗವಿ, ಎಡಕ್ಕೆ ತಿರುಗಿದರೆ ಗುಡ್ಡದ ಆಚೆ ಮಗ್ಗುಲಿನ ಇಳಿಜಾರು. ಪಾಲಕ್ಕನಿಗೆ ತಾನು ಹಿಂದಿನ ದಿನ ಆಡಿದ ಮಾತು ಆಗ ನೆನಪಾಯಿತು. ಅವಳು ಕೈಯೆತ್ತಿ ಗವಿಯನ್ನು ತೋರಿಸಿದಳು. ಎಲ್ಲರೂ ಆ ಕಡೆ ನೋಡಿದರು. ಗವಿಯ ಬಾಯಿಗೆ ಬಲೆ ಇಡಿಯಾಗಿ ಹರಡಿತ್ತು, ಒಂದು ಎಳೆಯೂ ಹರಿದಿರಲಿಲ್ಲ, ಇಬ್ಬನಿ ಹನಿಗಟ್ಟಿ ಹೊಳೆಯುತ್ತಿತ್ತು. ಸೂರಯ್ಯ ಹತ್ತು ಮಾರು ದೂರದಲ್ಲೇ ನಿಂತ. ಒಮ್ಮೆ ಕಣ್ಣೆತ್ತಿದ. ಬಲೆಯ ನಡುವಿನಲ್ಲಿ ಒಂದು ಜೇಡ ಮುಂಗಾಲು ಚಾಚಿತು, ಅವನ ಕಣ್ಣು ತಾನಾಗಿ ಕೆಳಗಿಳಿಯಿತು. ಬಲೆ ಹರಿಯದೆ ಒಳಗೆ ಹೋಗುವುದು ಇರುವೆಗೂ ಆಗದು ಎಂದು ಅವನು ಕೈಸನ್ನೆಯಲ್ಲಿ ತಿಳಿಸಿದ. ಎಲ್ಲರಿಗೂ ಅದು ಸರಿಯೆಂದೇ ತೋರಿತು. ಅಷ್ಟು ದೂರದಿಂದಲೇ ಹೇಳಿಬಿಟ್ಟನಲ್ಲ, ಎಂಥ ಕಣ್ಣು ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡವರೂ ಇದ್ದರು. ಪಾಲಕ್ಕ ಮಾತ್ರ ಗವಿಯ ಕಡೆಗೆ ಒಂದು ಹೆಜ್ಜೆಯಿಟ್ಟಳು, ತಮ್ಮನ ಮುಖ ನೋಡಿದಳು, ನಿಂತಳು. ಆಮೇಲೆ ಎಲ್ಲರೂ ಎಡಕ್ಕೆ ತಿರುಗಿದರು. ಹಾಸುಬಂಡೆ ಮುಗಿದಲ್ಲಿ ಮಣ್ಣಿನ ಮೇಲೆ ಪುಟ್ಟ ಹೆಜ್ಜೆಗಳಿದ್ದವು. ಬೊಮ್ಮಿ ವಾರದ ಹಿಂದೆ ಬೋರೆಹಣ್ಣಿಗೆ ಬಂದಾಗ ಮೂಡಿದ ಹೆಜ್ಜೆಗಳವು. ಬೇರೆ ದಿನವಾಗಿದ್ದರೆ ಸೂರಯ್ಯ ಒಂದೇ ನೋಟಕ್ಕೆ ಅವು ಹಳೆಯವೆಂದು ಹೇಳುತ್ತಿದ್ದ. ಆ ದಿನ ಅವನಿಗೆ ಆ ಗವಿಯಿಂದ ದೂರ ಒಯ್ಯುವ ಹೆಜ್ಜೆ ಬೇಕಾಗಿತ್ತು, ಸಿಕ್ಕಿತು.

ನಾಲ್ಕು ದಿನ ಹುಡುಕಿದರು. ಆಚೆ ಮಗ್ಗುಲಿನ ಹಳ್ಳ, ಅದರಾಚೆಯ ಹುಲ್ಲುಗಾವಲು, ಅದಕ್ಕೂ ಆಚೆಯ ಊರುಗಳು. ಸೂರಯ್ಯ ಅನ್ನ ಮುಟ್ಟಲಿಲ್ಲ. ಅಂಗೈಯ ಬಟ್ಟೆ ನೆನೆದು ಒಣಗಿ ಕಲ್ಲಾಯಿತು. ಹಿಂದೆ ಬಂದವರು ಒಬ್ಬೊಬ್ಬರೇ ಸೋತು ಮರಳಿದರು. ನಾಲ್ಕನೆಯ ದಿನ ಹೊತ್ತು ಇಳಿಯುವಾಗ ಅವನು ಒಬ್ಬನೇ ಒಂದು ಹಾಳು ಮಂಟಪದ ಕಟ್ಟೆಯ ಮೇಲೆ ಕುಸಿದು ಕುಳಿತ. ಎದುರಿಗೆ ಎರಡು ಬೇಲಿಗಿಡಗಳ ನಡುವೆ ಒಂದು ಬಲೆ ಕಟ್ಟಿತ್ತು, ತುಂಬ ಹಳೆಯದು. ಒಣ ನೊಣದ ಸಿಪ್ಪೆ, ತರಗು, ಧೂಳು ಸಿಕ್ಕಿಕೊಂಡು ಜೋತುಬಿದ್ದಿತ್ತು. ಯಾರದೋ ಹಸು ಅಡ್ಡಾಡುತ್ತ ಬಂದು ಅದನ್ನು ಕೊಂಬಿಗೆ ಸುತ್ತಿಕೊಂಡು ಹಾದುಹೋಯಿತು. ಬಲೆ ಹೋದದ್ದಕ್ಕೆ ಅವನಿಗೆ ಸಮಾಧಾನವೇ ಆಯಿತು. ಅಲ್ಲೇ ಒರಗಿದವನಿಗೆ ನಿದ್ದೆ ಹತ್ತಿತು. ಬೆಳಗ್ಗೆ ಕಣ್ಣು ಬಿಟ್ಟಾಗ ಅದೇ ಎರಡು ಗಿಡಗಳ ನಡುವೆ ಬಲೆ ಇಡಿಯಾಗಿ ನಿಂತಿತ್ತು. ಸಿಪ್ಪೆಯಿಲ್ಲ, ತರಗಿಲ್ಲ, ಧೂಳಿಲ್ಲ. ಬೆಳ್ಳಗೆ ತೊಳೆದಿಟ್ಟ ಹಾಗೆ.

ಜೇಡ ಬಲೆ ನೇಯುವುದನ್ನು ಅವನು ಹುಟ್ಟಿದಂದಿನಿಂದ ಒಮ್ಮೆಯೂ ಕೊನೆಯವರೆಗೆ ನೋಡಿರಲಿಲ್ಲ. ಹಟ್ಟಿಯಲ್ಲಿ ಅವನು ಏಳುವ ಮೊದಲೇ ಪಾಲಕ್ಕ ಗುಡಿಸಿಬಿಡುತ್ತಿದ್ದಳು, ಬೇರೆ ಕಡೆ ಬಲೆ ಕಂಡರೆ ಅವನೇ ಕಣ್ಣು ತಿರುಗಿಸಿಬಿಡುತ್ತಿದ್ದ. ಹರಿದದ್ದು ಒಂದೇ ರಾತ್ರಿಯಲ್ಲಿ ಮತ್ತೆ ಇಡಿಯಾಗುತ್ತದೆಂಬ, ದನ ಕಾಯುವ ಮಕ್ಕಳಿಗೂ ಗೊತ್ತಿದ್ದ ಮಾತು ಸೀಮೆಗೆಲ್ಲ ಹೆಸರಾದ ಜಾಡುಗಾರನಿಗೆ ಗೊತ್ತಿರಲಿಲ್ಲ. ಗವಿಯ ಮುಂದೆ ನಿಂತಾಗ ಅವನ ಜೊತೆಯವರೂ ಯೋಚಿಸಲಿಲ್ಲ, ಯಾಕೆಂದರೆ ಯೋಚಿಸುವುದು ಸೂರಯ್ಯನ ಕೆಲಸವಾಗಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಈಗ ಅವನು ಕಣ್ಣು ಮುಚ್ಚಿ ಆ ಬೆಳಗನ್ನು ನೆನಪಿಗೆ ತಂದುಕೊಂಡ. ಗುಡ್ಡದ ಪೊದೆಗಳ ಬಲೆಗಳಲ್ಲೆಲ್ಲ ಕಸ ತುಂಬಿತ್ತು. ಗವಿಯ ಬಲೆ ಒಂದೇ ಹೊಸದಾಗಿತ್ತು. ಕಣ್ಣಿಗೆ ಅದು ಬಿದ್ದಿತ್ತು, ಅವನು ನೋಡಿರಲಿಲ್ಲ. ಯಾರೋ ಹಳೆಯ ಬಲೆಯನ್ನು ಪೂರ್ತಿ ತೆಗೆದಿದ್ದರು. ಯಾರಿಗಾಗಿ ತೆಗೆದಿದ್ದರೆಂದು ಅವನ ಅಂಗೈ ಹೇಳಿತು. ಅವನು ಎದ್ದು ಓಡಿದ.

ಅವನು ಹಟ್ಟಿಯ ಮುಂದಾಗಿಯೇ ಓಡಿದ್ದನ್ನು ಕಂಡು ಪಾಲಕ್ಕನೂ ಒಂದಷ್ಟು ಜನರೂ ಹಿಂದೆಯೇ ಹೋದರು. ಅವರು ಗವಿ ಮುಟ್ಟುವ ವೇಳೆಗೆ ಅವನು ಬಲೆಯನ್ನು ಎರಡೂ ಕೈಗಳಿಂದ ಹರಿಯುತ್ತಿದ್ದ. ನೂಲು ಅವನ ಮುಖಕ್ಕೆ, ಕೂದಲಿಗೆ ಅಂಟಿಕೊಂಡಿತ್ತು. ತೋಳಿನ ಮೇಲೆ ಜೇಡಗಳು ಓಡಾಡುತ್ತಿದ್ದವು. ಗಾಯ ಮತ್ತೆ ಬಾಯಿಬಿಟ್ಟು ನೆತ್ತರು ಸುರಿಯುತ್ತಿತ್ತು. ಅವನು ಬೊಮ್ಮೀ ಎಂದು ಕೂಗುತ್ತಿದ್ದ. ಗವಿಯೊಳಗೆ ಐದಾರು ಮಾರು ಹೋದ ಮೇಲೆ ನೆಲ ಥಟ್ಟನೆ ಇಳಿದು ಒಂದು ಗುಂಡಿಯಾಗಿದೆ. ಒಳಗೆ ಇನ್ನೂ ದಪ್ಪನೆಯ ಬಲೆ ಸಿಗುತ್ತದೆಂದು ಮುಂದೆ ಹೋದವಳು ಅದರಲ್ಲಿ ಬಿದ್ದಿದ್ದಳು. ಒಂದು ಕಾಲು ಮುರಿದಿತ್ತು. ಲಂಗದ ಅಂಚು ಹರಿದು ತಾನೇ ಅದಕ್ಕೆ ಸುತ್ತಿಕೊಂಡಿದ್ದಳು. ಗುಂಡಿಯ ಮೇಲಿನ ನೆಲದಲ್ಲಿ, ಬಾಯಿಯ ಕಡೆಗೆ, ಪುಟ್ಟ ಪುಟ್ಟ ಕಲ್ಲುಗಳು ಚೆಲ್ಲಿದ್ದವು. ಬೆಳಕು ಕಂಡ ಕಡೆಗೆ ಕೆಳಗಿನಿಂದ ಎಸೆದವು. ಮುತ್ತುಗದ ಎಲೆಯಲ್ಲಿ ಮಡಿಸಿದ ಬಲೆಯ ಉಂಡೆ ಅವಳ ರವಿಕೆಯೊಳಗೆ ಹಾಗೇ ಇತ್ತು. ಮೈ ತೊಳೆದ ಹೆಂಗಸರು ಜೀವ ಹೋಗಿ ಒಂದು ದಿನಕ್ಕಿಂತ ಹೆಚ್ಚಾಗಿಲ್ಲ ಎಂದರು. ಅಂದರೆ ಹನ್ನೊಂದು ಗಂಡಸರು ಎಲೆ ಕಚ್ಚಿಕೊಂಡು ಗವಿಯ ಮುಂದೆ ನಿಂತಿದ್ದಾಗ ಮಗು ಒಳಗೆ ಬದುಕಿತ್ತು. ಒಬ್ಬರು ಕೂಗಿದ್ದರೆ ಓಗೊಡುತ್ತಿತ್ತು.

ಮಣ್ಣು ಮಾಡಿದ ಮೂರನೆಯ ದಿನ ಹಾಲುತುಪ್ಪ ಬಿಟ್ಟು ಬಂದ ಮೇಲೆ ಹಟ್ಟಿಯವರು ಬೇವಿನ ಕಟ್ಟೆಯ ಸುತ್ತ ಕುಳಿತರು. ಓಬಳಯ್ಯ ದೊಡ್ಡ ಮನಸ್ಸಿನವನು. ಬಲೆ ಇಡಿಯಾಗಿದ್ದದ್ದನ್ನು ತಾವೆಲ್ಲರೂ ಕಂಡಿದ್ದೇವೆ, ಯಾರು ನೋಡಿದ್ದರೂ ಹಾಗೆಯೇ ಹೇಳುತ್ತಿದ್ದರು, ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ, ಇದರಲ್ಲಿ ಸೂರಯ್ಯನ ತಪ್ಪಿಲ್ಲ ಎಂದು ಅವನು ಎಲ್ಲರ ಪರವಾಗಿ ಹೇಳಿದ. ಎಲ್ಲರೂ ಹೌದೆಂದರು. ಸೂರಯ್ಯ ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಅವನ ಮಾನ ಉಳಿಯುತ್ತಿತ್ತು, ಜಾಡುಗಾರನ ಹೆಸರೂ ಉಳಿಯುತ್ತಿತ್ತು. ಅವನು ಎದ್ದು ನಿಂತ.

"ತಪ್ಪು ನಂದೇ," ಎಂದ. "ನಂಗೆ ಜೇಡ ಕಂಡ್ರೆ ಹೆದ್ರಿಕೆ. ಮೊದ್ಲಿಂದ್ಲೂ. ನಮ್ಮಕ್ಕಂಗಲ್ಲ, ನಂಗೆ. ಅವತ್ತು ನಾನು ಬಲೆ ನೋಡಿ ಹೇಳ್ಲಿಲ್ಲ, ಅದ್ರ ಹತ್ರ ಹೋಗೋದು ತಪ್ಲಿ ಅಂತ ಹೇಳ್ದೆ. ಹತ್ರ ಹೋಗಿದ್ರೆ ಹೊಸ ಬಲೆ ಅಂತ ಗೊತ್ತಾಗಿರೋದು."

ಹೆಂಗಸರ ನಡುವೆ ಕುಳಿತಿದ್ದ ಪಾಲಕ್ಕನ ಕಡೆಗೆ ಎಲ್ಲರ ಮುಖ ತಿರುಗಿತು. ಬೈಯುತ್ತಾಳೆ, ಮಣ್ಣು ತೂರಿ ಶಾಪ ಹಾಕುತ್ತಾಳೆ ಎಂದುಕೊಂಡರು. ಅವಳು ತಮ್ಮನ ಕಡೆಗೆ ತಿರುಗಿದಳು.

"ನೀನು ದೂರ ನಿಂತಾಗ್ಲೇ ನಂಗೆ ಗೊತ್ತಾತು ಕಣೋ ಸೂರ," ಎಂದಳು. "ನಾನೇ ಹೋಗಿ ಹರಿಯಾನ ಅಂತ ಒಂದ್ ಹೆಜ್ಜೆ ಇಟ್ಟೆ. ನಾನು ಹರಿದ್ರೆ, ಹೆದ್ರಿಕೆ ಯಾರ್ದು ಅಂತ ಇವ್ರಿಗೆಲ್ಲ ತಿಳೀತೈತೆ ಅನ್ನಿಸ್ತು. ನಿನ್ನ ಮಾನ ಹೋಗ್ತೈತೆ ಅಂತ ನಿಂತ್ಕಂಡೆ. ನಿನ್ನ ಉಳಿಸಾಕೋಗಿ ಅವಳ್ನ ಬಿಟ್ಟೆ."

ಇಷ್ಟು ಹೇಳಿ ಅವಳು ಮುಖದ ಮೇಲೆ ಸೆರಗೆಳೆದುಕೊಂಡಳು. ಸೂರಯ್ಯ ನಿಂತಲ್ಲೇ ಕುಸಿದು ಮಗುವಿನಂತೆ ಅತ್ತ. ಆ ದಿನ ಹಟ್ಟಿಯಲ್ಲಿ ಒಲೆ ಹಚ್ಚಲಿಲ್ಲ ಎನ್ನುತ್ತಾರೆ. ಮನುಷ್ಯರು ಒಬ್ಬರನ್ನೊಬ್ಬರು ಕಾಯುವುದರಲ್ಲಿಯೂ ಇಂಥ ಕೇಡು ಇರುತ್ತದೆಂದರೆ ಹೇಳುವುದಾದರೂ ಏನು? ಕಥೆ ಹೇಳುವ ಹಿರಿಯರು ಇಲ್ಲಿಗೆ ಬಂದಾಗ ಎಲೆಯಡಿಕೆ ಹಾಕಿಕೊಳ್ಳುತ್ತಾರೆ.

ಮಾರನೆಯ ಬೆಳಗ್ಗೆ ಸೂರಯ್ಯ ಗವಿಗೆ ಹೋದ. ಜೇಡಗಳು ಮತ್ತೆ ಬಲೆ ನೇಯ್ದಿದ್ದವು. ಅವನು ಬರಿಗೈಯಿಂದ ಅದನ್ನು ಹರಿದು, ಒಳಗೆ ಬಗ್ಗಿ ಬೊಮ್ಮಿಯ ಹೆಸರು ಕೂಗಿದ. ಅದರ ಮಾರನೆಯ ದಿನವೂ ಹೋದ. ಹೀಗೆ ಇಪ್ಪತ್ತೆರಡು ವರ್ಷ. ಜೇಡಗಳು ಬಿಡಲಿಲ್ಲ, ಅವನೂ ಬಿಡಲಿಲ್ಲ. ಮೊದಮೊದಲು ಅವನಿಗೆ ಬುದ್ಧಿ ಕೆಟ್ಟಿದೆ ಎಂದರು. ವಂಶ ಹರಿಯುತ್ತದೆ ಎಂದು ಹೆದರಿಸಿದವರಿಗೆ ಅವನು, ಇನ್ನೇನು ಉಳಿದಿದೆ ಹರಿಯಲು ಎಂದನಂತೆ. ಹೊಸದಾಗಿ ಹುಟ್ಟಿ ಬೆಳೆದ ಮಕ್ಕಳಿಗೆ ನಡೆದದ್ದು ಗೊತ್ತಿರಲಿಲ್ಲ. ದಿನಾ ಬೆಳಗ್ಗೆ ತಲೆಗೂದಲಿಗೆ ನೂಲು ಮೆತ್ತಿಕೊಂಡು ಗುಡ್ಡ ಇಳಿಯುವ ಮುದುಕನನ್ನು ಕಂಡು ಬಲೆಹರಕ, ಬಲೆಹರಕ ಎಂದು ಕೂಗಿ ಓಡುತ್ತಿದ್ದರು. ದೊಡ್ಡವರು ಗದರಿದರೆ ಅವನೇ ತಡೆಯುತ್ತಿದ್ದ. ಜಾಡುಗಾರ ಎಂದು ಕರೆಸಿಕೊಳ್ಳುವುದಕ್ಕಿಂತ ಅದೇ ವಾಸಿ ಎನ್ನುತ್ತಿದ್ದ. ಹೆದರಿಕೆ ಹೋಯಿತೇ ಎಂದು ಕೇಳಿದರೆ ಹಿರಿಯರು ಇಲ್ಲವೆನ್ನುತ್ತಾರೆ. ಕೊನೆಯ ದಿನದವರೆಗೂ ಬಲೆಗೆ ಕೈಯಿಡುವ ಮೊದಲು ಅವನು ಒಮ್ಮೆ ಕಣ್ಣು ಮುಚ್ಚಿ ತೆರೆಯುತ್ತಿದ್ದ. ಕಾಲಲ್ಲಿ ಶಕ್ತಿ ಇರುವವರೆಗೆ ಪಾಲಕ್ಕನೂ ಅವನ ಜೊತೆ ಹೋಗುತ್ತಿದ್ದಳು. ಅವನು ಬಲೆ ಹರಿದರೆ ಅವಳು ಕೂಗುತ್ತಿದ್ದಳು. ಅವಳು ಹೋದ ಮೇಲೆ ಎರಡೂ ಕೆಲಸ ಅವನದಾಯಿತು. ಅವನೂ ಹೋದ ಮೇಲೆ ಹಟ್ಟಿಯವರು ಒಬ್ಬರಾದ ಮೇಲೆ ಒಬ್ಬರು ಅದನ್ನು ತಮ್ಮದು ಮಾಡಿಕೊಂಡರು. ಕಳೆದ ದನವಾಗಲಿ ಮನುಷ್ಯರಾಗಲಿ, ಮುತ್ತುಗದಹಟ್ಟಿಯವರು ಅಂದಿನಿಂದ ಹೆಸರು ಹಿಡಿದು ಕೂಗಿಕೊಂಡೇ ಹುಡುಕುತ್ತಾರೆ.

ಈಗ ಹೋಗುವವರಿಗೂ ಇದು ಕಾಣಸಿಗುತ್ತದೆ. ಬೆಳಗ್ಗೆ ಗುಡ್ಡ ಹತ್ತುವವರಲ್ಲಿ ಯಾರು ಮೊದಲು ಗವಿ ಮುಟ್ಟುತ್ತಾರೋ ಅವರು ಬಲೆಯನ್ನು ಬರಿಗೈಯಿಂದಲೇ ಹರಿಯಬೇಕು. ಕೋಲು ಹಿಡಿದರೆ ದನ ಕಾಯುವವರು ಬಂದು ಕಸಿದುಕೊಳ್ಳುತ್ತಾರೆ. ಪೇಟೆಯಿಂದ ಬಂದವರು ಮೊದಲು ಹಿಂಜರಿಯುತ್ತಾರೆ, ಮುಖ ಕಿವುಚುತ್ತಾರೆ, ಆಮೇಲೆ ಕಣ್ಣು ಮುಚ್ಚಿಕೊಂಡು ಕೈಚಾಚುತ್ತಾರೆ. ಕಣ್ಣು ತೆರೆದುಕೊಳ್ಳಿ ಎಂದು ಹಟ್ಟಿಯವರು ಮೆಲ್ಲಗೆ ಹೇಳುತ್ತಾರೆ. ಬಲೆ ಹರಿದ ಮೇಲೆ ಒಳಗೆ ಬಗ್ಗಿ ಬೊಮ್ಮೀ ಎಂದು ಕೂಗಬೇಕು. ಗುಂಡಿಯ ಆಳಕ್ಕೆ ದನಿ ಹೋಗಿ ತಡವಾಗಿ ಮರಳುತ್ತದೆ. ಕೂಗಿದವರು ಕೂಡಲೇ ತಿರುಗಿ ಹೋಗುವಂತಿಲ್ಲ. ಗುಂಡಿಯಲ್ಲಿ ಬಿದ್ದ ಮಗು ಎಚ್ಚರಗೊಂಡು ಓಗೊಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಎಲ್ಲರೂ ಅಲ್ಲಿ ನಿಂತು ಕೇಳಬೇಕು. ನಿಲ್ಲುತ್ತಾರೆ.